ಆರು ಅಕ್ಷರದ ಊರು, 14 ಅಕ್ಷರದ ಬೋರ್ಡು

ನಮ್ಮೂರಿನ ಹೆಸರು ಕನ್ನಡದಲ್ಲಿ ಆರು ಅಕ್ಷರ. ಚಿ, ಕ್ಕ, ಮ, ಗ, ಳೂ, ರು. ಅಷ್ಟೇ. ಇಂಗ್ಲಿಷಿನಲ್ಲಿ 14. ಮೊದಲು 11 ಇತ್ತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಂದರಲ್ಲ, ಆಗ ನಮ್ಮೂರಿಗೆ ಒಂದು ‘ಕೆ’, ಒಂದು ‘ಎ’, ಕೊನೆಗೊಂದು ‘ಯು’ ಜಾಸ್ತಿ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಬೋರ್ಡುಗಳ ಅಗಲ ಜಾಸ್ತಿ ಆಗಲಿಲ್ಲ. ಅದೇ ತಗಡು, ಅದೇ ಫ್ರೇಮು, ಅದೇ ವಿಸಿಟಿಂಗ್ ಕಾರ್ಡು. ಒಳಗೆ ಹೊಸದಾಗಿ ಮೂರು ಅಕ್ಷರ ಕೂರಬೇಕು.

ಹಾಸನದ ಕಡೆಯವರು ನಗಬೇಡಿ. ಹಾಸನ ಅಂದರೆ ಮೂರೇ ಅಕ್ಷರ, ಇಂಗ್ಲಿಷಿನಲ್ಲಿ ಆರು, ನಿಜ. ಆಲೂರು, ಬೇಲೂರು ಕೂಡ ಬೇಗ ಮುಗಿಯುತ್ತವೆ. ಆದರೆ ಚನ್ನರಾಯಪಟ್ಟಣದಲ್ಲಿ ಬೋರ್ಡು ಬರೆಸಿದವರನ್ನು ಕೇಳಿ. ಕನ್ನಡದಲ್ಲಿ ಏಳು, ಇಂಗ್ಲಿಷಿನಲ್ಲಿ 15. ಹೊಳೆನರಸೀಪುರ 14. ಶ್ರವಣಬೆಳಗೊಳ 16. ನಮ್ಮ ಜಿಲ್ಲೆಯ ನರಸಿಂಹರಾಜಪುರದವರು ಬುದ್ಧಿವಂತರು, ಎನ್‌.ಆರ್‌.ಪುರ ಅಂತ ಮುಗಿಸಿಬಿಟ್ಟರು. ಕನ್ನಡದ ಒಂದೇ ಅಕ್ಷರದೊಳಗೆ ವ್ಯಂಜನ, ಒತ್ತು, ಸ್ವರ ಎಲ್ಲ ಒಟ್ಟಿಗೆ ಕೂತಿರುತ್ತವೆ. ಇಂಗ್ಲಿಷಿನಲ್ಲಿ ಅವೆಲ್ಲ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ನಮ್ಮ ಊರು, ನಮ್ಮ ಮನೆತನ, ನಮ್ಮ ದೇವರ ಹೆಸರುಗಳನ್ನು ಇಂಗ್ಲಿಷಿಗೆ ತಂದ ಕೂಡಲೇ ಸಾಲು ಎರಡು ಪಟ್ಟು ಉದ್ದವಾಗುತ್ತದೆ. ಲಂಡನ್ನಿನ ಅಂಗಡಿಗಿಂತ ಚನ್ನರಾಯಪಟ್ಟಣದ ಅಂಗಡಿಗೇ ಸಪೂರ ಅಕ್ಷರ ಜಾಸ್ತಿ ಬೇಕು.

ಸಪೂರ ಅಕ್ಷರ ಅಂತ ನಾನು ಹೇಳುತ್ತಿರುವುದು ಕಂಡೆನ್ಸ್ಡ್ ಸಾನ್ಸ್ ಸೆರಿಫ್ ಫಾಂಟುಗಳ ಬಗ್ಗೆ. ಗೆರೆಗಳ ತುದಿಯಲ್ಲಿ ಸಣ್ಣ ಅಡ್ಡಗೆರೆ, ಅಂದರೆ ಸೆರಿಫ್, ಇರುವುದಿಲ್ಲ. ಮೈ ಎತ್ತರ, ಅಗಲ ಕಡಿಮೆ, ಕಪ್ಪು ದಟ್ಟ. ಕೂತು ಓದುವ ಪುಸ್ತಕಕ್ಕೆ ಇದು ಆಗಿಬರುವುದಿಲ್ಲ. ದೂರದಿಂದ ಕಾಣಬೇಕಾದ ದೊಡ್ಡ ಸಾಲಿಗೆ ಮಾತ್ರ. ಪೋಸ್ಟರು, ಪತ್ರಿಕೆಯ ತಲೆಬರಹ, ಅಂಗಡಿಯ ಬೋರ್ಡು, ಪ್ಯಾಕೆಟ್ಟಿನ ಮುಖ, ಪುಸ್ತಕದ ಬೆನ್ನು. ನನ್ನ ಹೊಟ್ಟೆಪಾಡು ಲೇಬಲ್, ಬೋರ್ಡು, ಫ್ಲೆಕ್ಸ್, ಆಹ್ವಾನ ಪತ್ರಿಕೆ. ಬೆಳಗಿಂದ ಸಂಜೆವರೆಗೆ ಈ ಅಕ್ಷರಗಳ ಜೊತೆಗೇ ಕೆಲಸ. ಅವುಗಳ ಮೇಲೆ ಪ್ರೀತಿ ಇದೆ. ಸ್ವಲ್ಪ ಸಿಟ್ಟೂ ಇದೆ. ಎರಡನ್ನೂ ಇಲ್ಲಿ ಬರೆದುಬಿಡುತ್ತೇನೆ.

ಸೆರಿಫ್ ಇಲ್ಲದ ಅಚ್ಚಿನ ಅಕ್ಷರ ಮೊದಲು ಕಂಡದ್ದು 1816ರಲ್ಲಿ, ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್ ತನ್ನ ಅಚ್ಚುಮೊಳೆಗಳನ್ನು ತೋರಿಸಲು ಮಾಡಿಸಿದ ಮಾದರಿ ಪುಸ್ತಕದಲ್ಲಿ. ಬರೀ ಕ್ಯಾಪಿಟಲ್ ಅಕ್ಷರ, ಅದೂ ಒಂದೇ ಸಾಲು. 1832ರ ಹೊತ್ತಿಗೆ ವಿನ್ಸೆಂಟ್ ಫಿಗಿನ್ಸ್ ಅದಕ್ಕೆ ಸಾನ್ಸ್ ಸೆರಿಫ್ ಅಂತ ಹೆಸರಿಟ್ಟು ಮಾರಲು ಶುರು ಮಾಡಿದ್ದ. ಅದು ಸಪೂರವಾಗಿದ್ದಕ್ಕೆ ಕಾರಣ ಮಾತ್ರ ಬೇರೆ ಕಡೆ ಇದೆ. ಮರದಲ್ಲಿ.

ಸೀಸದಲ್ಲಿ ಎರಕ ಹೊಯ್ದ ದೊಡ್ಡ ಅಕ್ಷರ ಭಾರ, ದುಬಾರಿ. ಗೋಡೆಗೆ ಅಂಟಿಸುವ ಪೋಸ್ಟರಿಗೆ ಅಂಗೈ ಅಗಲದ ಅಕ್ಷರ ಬೇಕು ಅಂದರೆ ಸೀಸದ ಕೆಲಸ ಅಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರ ಕೊರೆಯುವುದಕ್ಕೆ ಒಂದು ರೌಟರ್ ಯಂತ್ರ ಮಾಡಿದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮಾದರಿ ಅಕ್ಷರದ ಮೇಲೆ ಕಡ್ಡಿ ಆಡಿಸಿದರೆ ಇನ್ನೊಂದು ಕಡೆ ಬೇಕಾದ ಅಳತೆಯ ಮರದ ಅಕ್ಷರ ಕೊರೆದು ಬರುತ್ತದೆ. ಅಲ್ಲಿಂದ ಅಕ್ಷರಗಳು ಎಷ್ಟು ಬೇಕಾದರೂ ದೊಡ್ಡದಾದವು, ಎಷ್ಟು ಬೇಕಾದರೂ ಸಣಕಲಾದವು.

ಆ ಕಾಲದ ಪೋಸ್ಟರ್ ಅಚ್ಚು ಹಾಕುವವರ ಲೆಕ್ಕ ಸರಳ. ಕಾಗದದ ಈ ಅಂಚಿನಿಂದ ಆ ಅಂಚಿಗೆ ಪ್ರತಿ ಸಾಲೂ ತುಂಬಬೇಕು. ಚಿಕ್ಕ ಪದ ಬಂದರೆ ಅಗಲದ ಅಕ್ಷರ ಎತ್ತಿಕೋ. ಉದ್ದದ ಪದ ಬಂದರೆ ಸಪೂರದ ಅಕ್ಷರ ಎತ್ತಿಕೋ. ಹಾಗಾಗಿಯೇ ಆ ಪೋಸ್ಟರುಗಳಲ್ಲಿ ಒಂದು ಸಾಲು ದಪ್ಪ, ಮುಂದಿನ ಸಾಲು ಒಣಕಲು. ಅದು ಶೋಕಿಗೆ ಮಾಡಿದ್ದಲ್ಲ, ಕಪಾಟಿನಲ್ಲಿ ಯಾವ ಅಗಲ ಇತ್ತೋ ಅದು. ನಮ್ಮಲ್ಲಿ ಫ್ಲೆಕ್ಸ್ ಕೆಲಸ ಮಾಡುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಚದರಡಿ ಲೆಕ್ಕದಲ್ಲಿ ದುಡ್ಡು. ಗಿರಾಕಿ ಆರಡಿ ಅಗಲ ಅಂದಮೇಲೆ ಆರಡಿಯೇ.

1903ರಲ್ಲಿ ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ ಆಲ್ಟರ್ನೇಟ್ ಗಾಥಿಕ್ ಅನ್ನುವ ಅಕ್ಷರ ಮಾಡಿದ. ಮೂರು ಅಗಲಗಳಲ್ಲಿ. ನೀವು ಅದನ್ನು ನೋಡಿಯೇ ಇದ್ದೀರಿ, ಯೂಟ್ಯೂಬ್‌ನ ಹಳೇ ಲೋಗೋ ಅದರ ಎರಡನೇ ಅಗಲದಲ್ಲಿತ್ತು. ಇಂಗ್ಲೆಂಡಿನ ಜೆಫ್ರಿ ಲೀ 1965ರಲ್ಲಿ ಇಂಪ್ಯಾಕ್ಟ್ ಮಾಡಿದ, ಶೆಫೀಲ್ಡಿನ ಸ್ಟೀಫನ್‌ಸನ್ ಬ್ಲೇಕ್ ಕಂಪನಿಗೆ. ಕೊಟ್ಟ ಅಳತೆಯೊಳಗೆ ಕಾಗದದ ಮೇಲೆ ಎಷ್ಟು ಇಂಕು ಹಿಡಿಸಬಹುದೋ ಅಷ್ಟು ಹಿಡಿಸಬೇಕು, ಅದು ಅವನ ಯೋಚನೆ. ಆಮೇಲೆ ಅದು ವಿಂಡೋಸ್ ಜೊತೆ ಪುಕ್ಕಟೆ ಬಂತು. ಬಿಳಿ ಅಕ್ಷರ, ಸುತ್ತ ಕಪ್ಪು ಗೆರೆ, ಹಿಂದೆ ಬೆಕ್ಕಿನ ಫೋಟೋ. ಮೀಮ್ ಅಂದರೆ ಇಂಪ್ಯಾಕ್ಟ್ ಅನ್ನುವಷ್ಟಾಯಿತು. ಪಾಪ, ಸೀಸದ ಅಚ್ಚಿಗೆ ಅಂತ ಬರೆದ ಅಕ್ಷರ ಅದು.

ಈಗ ನಮ್ಮ ಕಡೆ ರಾಜ್ಯಭಾರ ಮಾಡುತ್ತಿರುವುದು ಬೆಬಾಸ್ ನ್ಯೂ. ಜಪಾನಿನ ರ‍್ಯೋಯಿಚಿ ತ್ಸುನೆಕಾವಾ 2010ರಲ್ಲಿ ಬಿಟ್ಟದ್ದು. ಪುಕ್ಕಟೆ. ಬರೀ ಕ್ಯಾಪಿಟಲ್. ಸಣ್ಣಕ್ಷರದ ಕೀಲಿ ಒತ್ತಿದರೂ ದೊಡ್ಡದೇ ಬರುತ್ತದೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಹೋಗುತ್ತಾ ಹೋಂಸ್ಟೇ ಬೋರ್ಡುಗಳನ್ನು ಸುಮ್ನೆ ನೋಡುತ್ತಾ ಹೋಗಿ. ಕಪ್ಪು ಹಲಗೆ, ಬಿಳಿ ಬೆಬಾಸ್, ಮೂಲೆಯಲ್ಲಿ ಒಂದು ಕಾಫಿ ಎಲೆ. ಇದರ ಜೊತೆಗೆ ವರ್ನನ್ ಆಡಮ್ಸ್ ಮಾಡಿದ ಆಸ್ವಾಲ್ಡ್, 2011ರದ್ದು. ಅದರಲ್ಲಿ ಸಣ್ಣಕ್ಷರವೂ ಇದೆ, ವೆಬ್‌ಸೈಟುಗಳ ತಲೆಬರಹಕ್ಕೆ ಜನ ಮುಗಿಬಿದ್ದರು. ಆಂಟನ್ ಕೂಡ ಅವನದೇ. ಇಷ್ಟು ಇತಿಹಾಸ ಸಾಕು.

ಒಳ್ಳೆಯ ಸಪೂರ ಅಕ್ಷರವನ್ನು ಹತ್ತಿರದಿಂದ ನೋಡಬೇಕು. ಬೆಬಾಸ್‌ನ ‘ಓ’ ತೆಗೆದುಕೊಳ್ಳಿ. ಅದು ಗುಂಡಗಿಲ್ಲವೇ ಇಲ್ಲ. ಎರಡು ನೇರ ಕಂಬ, ಮೇಲೊಂದು ಬಾಗು, ಕೆಳಗೊಂದು ಬಾಗು. ‘ಸಿ’, ‘ಜಿ’, ‘ಡಿ’, ‘ಯು’ ಎಲ್ಲದರ ಮೈಯೂ ಅದೇ ಕಂಬ. ಅಕ್ಷರದ ಒಳಗಿನ ಬಿಳಿ ಜಾಗ ಎಷ್ಟು ಅಗಲ ಇದೆಯೋ ಎರಡು ಅಕ್ಷರಗಳ ನಡುವಿನ ಬಿಳಿ ಅದಕ್ಕಿಂತ ಕಡಿಮೆ, ಆದರೆ ಲೆಕ್ಕ ಹಾಕಿ ಬಿಟ್ಟದ್ದು. ಹಾಗಾಗಿ ಸಾಲು ಪೂರ್ತಿ ಕಪ್ಪು ಬಿಳಿ ಪಟ್ಟೆಯಾಗಿ ಒಂದೇ ಸಮನೆ ಓಡುತ್ತದೆ. ಸಂಜೆ ಐದೂವರೆಯ ಬಸ್ಸಿನಲ್ಲಿ ಎಲ್ಲರೂ ಸ್ವಲ್ಪ ಅಡ್ಡ ತಿರುಗಿ ನಿಂತು ಇನ್ನಿಬ್ಬರಿಗೆ ಜಾಗ ಮಾಡುತ್ತಾರಲ್ಲ, ಹಾಗೆ. ಯಾರ ಕಾಲೂ ತುಳಿಯದ ಹಾಗೆ ನಿಲ್ಲುವುದಕ್ಕೆ ಅಭ್ಯಾಸ ಬೇಕು.

ಕಷ್ಟ ಬರುವುದು ‘ಎಂ’ ಮತ್ತು ‘ಡಬ್ಲ್ಯು’ ಹತ್ತಿರ. ನಾಲ್ಕು ಗೆರೆ ಒಂದೇ ಅಕ್ಷರದಲ್ಲಿ. ಎಲ್ಲ ಗೆರೆಯೂ ಒಂದೇ ದಪ್ಪ ಇಟ್ಟರೆ ಅಲ್ಲೊಂದು ಕಪ್ಪು ಮಚ್ಚೆ ಆಗುತ್ತದೆ. ಅದಕ್ಕೆ ಬರೆಯುವವರು ಒಳಗಿನ ಗೆರೆಗಳನ್ನು ಯಾರಿಗೂ ಗೊತ್ತಾಗದಷ್ಟು ತೆಳು ಮಾಡುತ್ತಾರೆ. ಗೆರೆಗಳು ಕೂಡುವ ಮೂಲೆಯಲ್ಲಿ ಇಂಕು ತುಂಬದ ಹಾಗೆ ಸ್ವಲ್ಪ ಕೊರೆದು ಬಿಡುತ್ತಾರೆ. ಅಡ್ಡಗೆರೆಗಿಂತ ನಿಂತ ಗೆರೆ ಒಂದಿಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ನಮ್ಮ ಕಣ್ಣಿಗೆ ಅಕ್ಷರ ಸೊರಗಿದಂತೆ ಕಾಣುತ್ತದೆ. ಇದೆಲ್ಲ ಕೂತು ಬರೆದದ್ದು. ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ತೀರ್ಮಾನ.

ಇನ್ನೊಂದು ದಾರಿ ಇದೆ. ಡಿಸೈನ್ ಮಾಡುವ ಕೋರಲ್ ಸಾಫ್ಟ್‌ವೇರ್ ತೆರೆಯಿರಿ, ಯಾವುದೋ ಸಾಧಾರಣ ಫಾಂಟಿನಲ್ಲಿ ಟೈಪ್ ಮಾಡಿ, ಪಕ್ಕದ ಚುಕ್ಕಿ ಹಿಡಿದು ಮೌಸಿನಿಂದ ಒಳಗೆ ತಳ್ಳಿ. ಆಯಿತು, ಕಂಡೆನ್ಸ್ಡ್! ಏನಾಗುತ್ತದೆ ನೋಡಿ. ಮೊದಲು ನಿಂತ ಗೆರೆ 10 ಮಿಲಿಮೀಟರ್, ಅಡ್ಡ ಗೆರೆ 9 ಇತ್ತು ಅಂದುಕೊಳ್ಳಿ. ಶೇಕಡ 60ಕ್ಕೆ ಹಿಂಡಿದರೆ ನಿಂತ ಗೆರೆ 6 ಆಗುತ್ತದೆ. ಅಡ್ಡಗೆರೆ 9ರಲ್ಲೇ ಉಳಿಯುತ್ತದೆ. ತೂಕ ತಲೆಕೆಳಗು. ಕಂಬ ಬಡಕಲು, ತೊಲೆ ದಪ್ಪ. ನೋಡಿದವರಿಗೆ ಯಾಕೆ ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ನಡೆದರೆ ಬರೆದ ಸಪೂರ ಎಷ್ಟು, ಹಿಂಡಿದ ಸಪೂರ ಎಷ್ಟು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಹಿಂಡಿದ್ದೇ ಜಾಸ್ತಿ. ನನ್ನ ಸಿಟ್ಟು ಅಲ್ಲಿಂದ ಶುರು.

ಬರೆದ ಸಪೂರಕ್ಕೂ ಮಿತಿ ಇದೆ. ದೊಡ್ಡದಾಗಿದ್ದಾಗ ಅದು ಹುಲಿ. ಸಣ್ಣದಾದ ಕೂಡಲೇ ಉಸಿರು ಕಟ್ಟುತ್ತದೆ. ಒಳಗಿನ ಬಿಳಿ ಮುಚ್ಚಿಹೋಗುತ್ತದೆ, ಸಣ್ಣ ‘ಎ’, ಸಣ್ಣ ‘ಇ’, ‘ಎಸ್’ ಮೂರೂ ಒಂದೇ ಥರ ಕಪ್ಪು ಉಂಡೆ. ನಾಲ್ಕು ಸಾಲಿಗಿಂತ ಜಾಸ್ತಿ ಅದರಲ್ಲಿ ಬರೆದರೆ ಯಾರೂ ಓದುವುದಿಲ್ಲ. ಇಂಗ್ಲಿಷ್ ಸಿನಿಮಾ ಪೋಸ್ಟರಿನ ತಳದಲ್ಲಿ ಕಡ್ಡಿ ಜೋಡಿಸಿಟ್ಟ ಹಾಗೆ ಹೆಸರುಗಳು ಇರುತ್ತವಲ್ಲ, ಅವು ಓದಲಿ ಅಂತ ಇಟ್ಟದ್ದೇ ಅಲ್ಲ. ಯಾರ ಹೆಸರು ಸಿನಿಮಾ ಹೆಸರಿನ ಎಷ್ಟು ಪಾಲು ಅಳತೆ ಇರಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತಾರೆ. ಎತ್ತರ ಕೊಟ್ಟು ಅಗಲ ಕಿತ್ತುಕೊಂಡರೆ ಒಪ್ಪಂದವೂ ಉಳಿಯಿತು, ಜಾಗವೂ ಉಳಿಯಿತು.

ಈ ಉಪಾಯ ಕಾಫಿ ಪುಡಿ ಪ್ಯಾಕೆಟ್ಟಿನ ಮೇಲೆ ನಡೆಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ನಮ್ಮೂರಲ್ಲಿ ಇದು ದಿನದ ಕೆಲಸ. ಪ್ಯಾಕೆಟ್ಟಿನ ಮುಂದೆ ಬ್ರ್ಯಾಂಡಿನ ಹೆಸರು, ಒಂದು ಗಿಡ, ಒಂದು ಕಾಫಿ ಲೋಟ. ಹಿಂದೆ ಎಷ್ಟು ತುಂಬಬೇಕು ಗೊತ್ತಾ? ನಿವ್ವಳ ತೂಕ, ಬೆಲೆ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ದೂರು ಹೇಳಲು ನಂಬರು, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾವಾರು ಹಾಕಲೇಬೇಕು. ಕಾಫಿ ಕನಿಷ್ಠ 51 ಇರಬೇಕು, ಚಿಕೋರಿ 49 ದಾಟಬಾರದು. ಇದಿಷ್ಟನ್ನೂ ಸಣ್ಣ ಪ್ಯಾಕೆಟ್ಟಿನ ಬೆನ್ನಿನಲ್ಲಿ ಕೂರಿಸುವಾಗ ಯಾರಿಗಾದರೂ ಅನ್ನಿಸುವುದು ಒಂದೇ: ಚೆನ್ನಾಗಿ ಹಿಂಡಿಬಿಡೋಣ.

ಅದಕ್ಕೆ ಕಾನೂನು ಅಡ್ಡ ನಿಂತಿದೆ. ಪ್ಯಾಕೆಟ್ ಸರಕುಗಳ ತೂಕ ಅಳತೆಯ ನಿಯಮ 2011ರದ್ದು. ಅದರಲ್ಲಿ ಕಡ್ಡಾಯ ವಿವರಗಳ ಅಕ್ಷರದ ಎತ್ತರ 1 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಇದೆ. ಅಷ್ಟೇ ಆಗಿದ್ದರೆ ಸಿನಿಮಾ ಪೋಸ್ಟರಿನ ಆಟ ಇಲ್ಲೂ ಆಡಬಹುದಿತ್ತು. ಅದಕ್ಕೇ ಇನ್ನೊಂದು ಸಾಲು ಸೇರಿಸಿದ್ದಾರೆ. ಅಕ್ಷರದ ಅಗಲ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆಗಕೂಡದು. ಹುಟ್ಟಿನಿಂದಲೇ ಕಡ್ಡಿಯಾಗಿರುವ 1ಕ್ಕೆ, ‘ಐ’ಗೆ, ಸಣ್ಣ ‘ಎಲ್’ಗೆ ಮಾತ್ರ ವಿನಾಯಿತಿ. ಸರ್ಕಾರದ ನಿಯಮಾವಳಿ ಓದಿ ನಾನು ಖುಷಿಪಟ್ಟದ್ದು ಇದೊಂದೇ ಸಲ. ಇದನ್ನು ಬರೆದವರು ಯಾರೋ ಅಕ್ಷರವನ್ನು ಸರಿಯಾಗಿ ನೋಡಿದ್ದಾರೆ. ಬೆಬಾಸ್ ಇದರಲ್ಲಿ ಪಾಸ್, ಅದರ ಅಗಲ ಎತ್ತರದ ಹೆಚ್ಚುಕಡಿಮೆ ಅರ್ಧ ಇದೆ. ಅದಕ್ಕಿಂತ ಕಡ್ಡಿಯಾದ ಎಷ್ಟೋ ಫಾಂಟುಗಳು ಫೇಲು.

ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಗ್ಲಿಷ್ ಅಕ್ಷರದ ಸಂಗತಿ. ಕನ್ನಡಕ್ಕೆ ಬಂದರೆ ಕಥೆಯೇ ಬೇರೆ.

ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ನೆಲದ ಮೇಲೆ ನಿಂತ ಕಂಬ. ಕೆಳಗೆ ಏನೂ ಇಲ್ಲ, ಮೇಲೆ ಏನೂ ಇಲ್ಲ. ಅಗಲ ಕಡಿಮೆ ಮಾಡಿ ಎತ್ತರ ಏರಿಸಿದರೆ ಅದಕ್ಕೆ ಹಬ್ಬ. ಕನ್ನಡದ ಅಕ್ಷರ ಗುಂಡಗೆ, ಅಗಲಕ್ಕೆ ಹರಡಿಕೊಂಡು ಕೂತಿರುತ್ತದೆ. ಹಿಂದೆ ಇಷ್ಟು ಗುಂಡಗಿರಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ, ಸುಮಾರು ಕ್ರಿ.ಶ. 450ರದ್ದು, ಅದರ ಅಕ್ಷರ ನೋಡಿದರೆ ಗೆರೆಗಳು ಇನ್ನೂ ನೆಟ್ಟಗೆ ನಿಂತಿವೆ. ಸಾವಿರಕ್ಕೂ ಹೆಚ್ಚು ವರ್ಷ ಬರೆದೂ ಬರೆದೂ ದುಂಡಾಯಿತು. ಈಗ ನೆಟ್ಟಗಿನ ಕಂಬ ಹುಡುಕಿದರೂ ಸಿಗುವುದಿಲ್ಲ. ಎಲ್ಲವೂ ಬಾಗು. ಅದನ್ನು ಮೌಸಿನಿಂದ ಹಿಂಡಿದರೆ ಬಾಗಿನ ಪಕ್ಕಗಳು ದಾರವಾಗಿ, ನೆತ್ತಿ ಮತ್ತು ತಳ ಹಗ್ಗವಾಗಿ ಉಳಿಯುತ್ತವೆ.

ಎತ್ತರದ ವಿಷಯವೂ ಹಾಗೇ. ಕನ್ನಡದ ಸಾಲು ಎತ್ತರವನ್ನು ಮೊದಲೇ ಖರ್ಚು ಮಾಡಿಕೊಂಡಿದೆ. ಮೇಲೆ ತಲೆಕಟ್ಟು, ಗುಡಿಸು, ಏತ್ವ. ಕೆಳಗೆ ಒತ್ತು. ‘ಲಕ್ಷ್ಮಿ’ ಅಂತ ಬರೆದರೆ ಒಂದರ ಕೆಳಗೊಂದು ಎರಡು ಒತ್ತು. ದೀರ್ಘ ಬಲಕ್ಕೆ ಚಾಚುತ್ತದೆ. ಅರ್ಕಾವತ್ತು ಒಂದು ಅಕ್ಷರದಷ್ಟೇ ಜಾಗ ಕೇಳುತ್ತದೆ. ಇಂಗ್ಲಿಷಿನಲ್ಲಿ ಎರಡು ಸಾಲನ್ನು ಒಂದಕ್ಕೊಂದು ತಾಗಿಸಿ ಇಟ್ಟು ಗೋಡೆ ಕಟ್ಟಬಹುದು, ಸಪೂರ ಅಕ್ಷರದ ಮಜಾ ಇರುವುದೇ ಆ ಗೋಡೆಯಲ್ಲಿ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಅಕ್ಷರಗಳ ಗುರುತೂ ಸೂಕ್ಷ್ಮ. ದ ಮತ್ತು ಧ ಬೇರೆಯಾಗುವುದು ತಳದ ಒಂದು ಸೀಳಿನಿಂದ. ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಎಲ್ಲವೂ ಹಾಗೇ. ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕಿಯಿಂದ. ಅಕ್ಷರ ದಪ್ಪವಾಗಿ, ಇಕ್ಕಟ್ಟಾಗಿ, ಫ್ಲೆಕ್ಸಿನ ಇಂಕು ಸ್ವಲ್ಪ ಹರಡಿದರೆ ಆ ಸೀಳು ಮುಚ್ಚಿಹೋಗುತ್ತದೆ. ‘ಧನಲಕ್ಷ್ಮಿ ಫೈನಾನ್ಸ್’ ಇದ್ದದ್ದು ‘ದನಲಕ್ಷ್ಮಿ’ ಆಗುತ್ತದೆ. ಹೈನುಗಾರಿಕೆಗೆ ಸಾಲ ಕೊಡುವವರಾದರೆ ಪರವಾಗಿಲ್ಲ ಬಿಡಿ.

ಇನ್ನು ಬೋರ್ಡಿನ ಲೆಕ್ಕ. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು ಅಂತ 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ನನಗೆ ಅದರ ಬಗ್ಗೆ ಪೂರ್ತಿ ಒಪ್ಪಿಗೆ. ಆದರೆ ಕಾಯ್ದೆ ಪಾಲಿಸಿದ ಮೇಲೂ ಗಿರಾಕಿ ಬಂದು ಕೇಳುತ್ತಾರೆ, “ಸಾರ್, ಕನ್ನಡಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೀರಿ, ಆದ್ರೂ ಇಂಗ್ಲಿಷೇ ಎದ್ದು ಕಾಣುತ್ತಲ್ಲ?”

“ಕೂತ್ಕೊಳ್ಳಿ ಅಣ್ಣಾ, ಸ್ಕೇಲ್ ಇಟ್ಟು ತೋರಿಸ್ತೀನಿ.”

ಮೂರಡಿ ಎತ್ತರದ ಬೋರ್ಡು ಅಂದರೆ 36 ಇಂಚು. ಕನ್ನಡಕ್ಕೆ ಹೆಚ್ಚುಕಡಿಮೆ 22 ಇಂಚು, ಇಂಗ್ಲಿಷಿಗೆ 14. ಕನ್ನಡದ 22ರಲ್ಲಿ ಗುಡಿಸಿಗೆ ಮೇಲೆ ಸ್ವಲ್ಪ, ಒತ್ತಿಗೆ ಕೆಳಗೆ ಇನ್ನೂ ಸ್ವಲ್ಪ ಜಾಸ್ತಿ, ಅಂಚಿಗೆ ಒಂದಿಷ್ಟು ಬಿಟ್ಟರೆ ಅಕ್ಷರದ ಮೈಗೆ ಸಿಗುವುದು 10 ಅಥವಾ 11 ಇಂಚು. ಇಂಗ್ಲಿಷಿನ 14ರಲ್ಲಿ ಅಂಚು ಬಿಟ್ಟರೆ ಉಳಿದ 11 ಇಂಚೂ ಮೈಯೇ. ಎರಡರ ಮೈಯೂ ಒಂದೇ ಎತ್ತರ ಆಯಿತು. ಅದರ ಮೇಲೆ ಇಂಗ್ಲಿಷ್ ಸಾಲು ಬೆಬಾಸ್‌ನಲ್ಲೋ ಇಂಪ್ಯಾಕ್ಟ್‌ನಲ್ಲೋ ಇದ್ದರೆ ಸಂದೇ ಇಲ್ಲದ ಕಪ್ಪು ಪಟ್ಟಿ. ಕನ್ನಡದ್ದು ಸಾಧಾರಣ ದಪ್ಪದ, ಗಾಳಿ ಆಡುವ ಸಾಲು. ಯಾವುದು ಗೆಲ್ಲುತ್ತದೆ ಹೇಳಿ? ಶೇಕಡ 60 ಜಾಗ ಕನ್ನಡದ್ದು, ಶೇಕಡ 60 ಕಪ್ಪು ಇಂಗ್ಲಿಷಿನದು.

ಇದಕ್ಕೆ ನಾನು ಮಾಡುವ ಉಪಾಯ ಹೀಗೆ. ಇಂಗ್ಲಿಷನ್ನು ಸಪೂರದಲ್ಲೇ ಇಡುತ್ತೇನೆ, ಆದರೆ ತೆಳು ತೂಕದಲ್ಲಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಟ್ಟು. ಆಗ ಅದು ಕೂಗುವುದಿಲ್ಲ, ಸುಮ್ಮನೆ ವಿಳಾಸ ಹೇಳುತ್ತದೆ. ಕನ್ನಡವನ್ನು ದಪ್ಪ ಮಾಡಿ ಅಗಲಕ್ಕೆ ಹರಡಲು ಬಿಡುತ್ತೇನೆ. ನಮ್ಮ ಹೆಸರುಗಳು ಕನ್ನಡದಲ್ಲಿ ಚಿಕ್ಕವು ತಾನೇ? ಆರೇಳು ಅಕ್ಷರಕ್ಕೆ ಹತ್ತಡಿ ಬೋರ್ಡು ಧಾರಾಳ. ಕನ್ನಡಕ್ಕೆ ಎಲ್ಲ ಕಡೆಯೂ ಸಪೂರ ಬೇಕಿಲ್ಲ. ಇಂಗ್ಲಿಷಿನವರು ಹಾಗೆ ಮಾಡುತ್ತಾರೆ ಅಂತ ನಾವೂ ಕನ್ನಡವನ್ನು ಹಿಂಡಲು ಹೋಗುತ್ತೇವೆ, ಅದೇ ತಲೆನೋವು.

ಬೇಕಾಗುವ ಕಡೆಯೂ ಇದೆ. ಬಸ್ಸಿನ ಬೋರ್ಡು ನೋಡಿ. ಗಾಜಿನ ಮೇಲಿನ ಸಣ್ಣ ಪಟ್ಟಿಯಲ್ಲಿ ಹೊರಡುವ ಊರು, ಸೇರುವ ಊರು, ಮಧ್ಯೆ ‘ಮಾರ್ಗ’ ಅಂತ ಎರಡು ಮೂರು ಊರು. ಪತ್ರಿಕೆಯ ಒಂದು ಕಾಲಂ ತಲೆಬರಹ. ಪುಸ್ತಕದ ಬೆನ್ನು. ಹಾಸನಾಂಬೆಯ ಬಾಗಿಲು ತೆರೆಯುವ ದೀಪಾವಳಿ ಹೊತ್ತಿಗೆ ಹಾಸನದ ಸರ್ಕಲ್ಲುಗಳಲ್ಲಿ ಸ್ವಾಗತ ಕೋರುವ ಬ್ಯಾನರುಗಳು. 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ ನಿಷೇಧ ಬಂತು, ಆದರೂ ಕಣ್ಣಿಗೆ ಕಾಣುತ್ತಲೇ ಇವೆ. ಒಂದು ಬ್ಯಾನರಿನಲ್ಲಿ ದೇವಿ, ನಾಯಕರು, ಕೆಳಗೆ ಸಾಲಾಗಿ ಶುಭ ಕೋರುವವರ ಮುಖ, ಪ್ರತಿ ಮುಖದ ಕೆಳಗೆ ಇಷ್ಟುದ್ದದ ಹೆಸರು. ಅಲ್ಲಿ ಸಪೂರ ಕನ್ನಡ ಬೇಕೇ ಬೇಕು. ಒಬ್ಬರ ಹೆಸರು ಇನ್ನೊಬ್ಬರ ಮುಖದ ಕೆಳಗೆ ಹೋದರೆ ಜಗಳ.

ಫಾಂಟು ಬರುವ ಮೊದಲೇ ಈ ಕೆಲಸವನ್ನು ಕೈಯಲ್ಲಿ ಮಾಡಿದವರು ಬೋರ್ಡು ಬರೆಯುವ ಪೇಂಟರುಗಳು. ಬಸ್ಸು, ಲಾರಿ, ಸೊಸೈಟಿ, ಶಾಲೆಯ ಗೋಡೆ ಬರೆದು ಕೈ ಪಳಗಿದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ಬರೆಯಲು ಶುರು ಮಾಡಿದರೆ ನಾನು ಕೆಲಸ ಬಿಟ್ಟು ನಿಂತು ನೋಡುತ್ತೇನೆ. ‘ಚನ್ನರಾಯಪಟ್ಟಣ’ ಬರೆಯುವಾಗ ನ್ನ ಮತ್ತು ಟ್ಟ ಒತ್ತುಗಳನ್ನು ಬಲಕ್ಕೆ ಬಿಡದೆ ಅಕ್ಷರದ ಹೊಟ್ಟೆಯ ಕೆಳಗೇ ಎಳೆದುಕೊಳ್ಳುತ್ತಾರೆ. ರಾ ಮತ್ತು ಯ ನಡುವೆ ತಲೆಕಟ್ಟುಗಳು ಒಂದಕ್ಕೊಂದು ತಾಗಿ ಒಂದೇ ಗೆರೆ ಆಗುತ್ತವೆ. ಣ ಎಲ್ಲಕ್ಕಿಂತ ಅಗಲದ ಅಕ್ಷರ, ಅದರ ಸುರುಳಿಗಳನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಜಾಗ ಉಳಿಸುತ್ತಾರೆ. ರ ಮಾತ್ರ ಗುಂಡಗೇ ಉಳಿಯುತ್ತದೆ. ಯಾಕೆ ಅಂತ ಕೇಳಿದ್ದಕ್ಕೆ, “ಒಂದು ಅಕ್ಷರನಾದ್ರೂ ಆರಾಮಾಗಿ ಕೂತಿರ್ಬೇಕು ಕಣಪ್ಪಾ, ಆಗ ಮಿಕ್ಕಿದ್ದು ಹಿಂಡಿದ್ದು ಗೊತ್ತಾಗಲ್ಲ” ಅಂದರು.

ನೋಡಿ, ಅವರು ಎಲ್ಲ ಅಕ್ಷರವನ್ನೂ ಒಂದೇ ಲೆಕ್ಕದಲ್ಲಿ ತಳ್ಳಲಿಲ್ಲ. ಯಾವುದನ್ನು ಎಷ್ಟು, ಯಾವ ಕಡೆಯಿಂದ, ಯಾವುದನ್ನು ಮುಟ್ಟಲೇಬಾರದು, ಪ್ರತಿಯೊಂದಕ್ಕೂ ತೀರ್ಮಾನ ಮಾಡಿದರು. ಬೆಂಟನ್ 1903ರಲ್ಲಿ ಮಾಡಿದ್ದೂ ಇದನ್ನೇ. ಸಪೂರ ಎಷ್ಟಿರಬೇಕು ಅನ್ನುವುದನ್ನು ಬರೆಯುವ ಕೈ ಹೇಳಬೇಕು, ಮೌಸ್ ಎಳೆಯುವ ಕೈ ಅಲ್ಲ. ನನ್ನ ಇಡೀ ತಕರಾರು ಇಷ್ಟೇ.

ಕಂಪ್ಯೂಟರಿನ ಕನ್ನಡದಲ್ಲಿ ಈ ತೀರ್ಮಾನ ಮಾಡಿದವರು ತುಂಬಾ ದಿನ ಇರಲಿಲ್ಲ. ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕೆಲಸ ಮಾಡಿದ ನಮ್ಮ ಪೀಳಿಗೆಗೆ ದಪ್ಪ ಅಕ್ಷರ ಸಿಗುತ್ತಿತ್ತು, ಅಲಂಕಾರದ್ದು ಸಿಗುತ್ತಿತ್ತು, ನೆರಳು ಬಿದ್ದದ್ದೂ ಸಿಗುತ್ತಿತ್ತು. ಸಪೂರ ಬೇಕಾದರೆ ಹಿಂಡುವುದೇ ಗತಿ. ಈಗ ಸ್ವಲ್ಪ ಬದಲಾಗಿದೆ. ಗೂಗಲ್‌ನ ನೋಟೋ ಸಾನ್ಸ್ ಕನ್ನಡದಲ್ಲಿ ಅಗಲ ಕಡಿಮೆ ಮಾಡಿ ಬರೆದ ರೂಪಗಳಿವೆ. ಕೆಲಸಕ್ಕೆ ಬರುತ್ತವೆ, ಆದರೆ ಅವಕ್ಕೆ ಬೋರ್ಡಿನ ಗತ್ತು ಇಲ್ಲ. ಮೊಬೈಲಿನ ಬಟನ್ ಮೇಲೆ ಬರೆಯಲು ಚೆನ್ನ.

ಗತ್ತು ಇರುವುದು ಅನೇಕ್ ಕನ್ನಡದಲ್ಲಿ. ಫಾಂಟು ಮಾಡುವ ಏಕ್ ಟೈಪ್ ತಂಡ 2022ರಲ್ಲಿ ಬಿಟ್ಟದ್ದು, ಹತ್ತು ಲಿಪಿಗಳಲ್ಲಿ ಒಟ್ಟಿಗೆ. ಕನ್ನಡವನ್ನು ಬರೆದವರು ವೈಷ್ಣವಿ ಮೂರ್ತಿ. ಪುಕ್ಕಟೆ ಸಿಗುತ್ತದೆ. ಒಂದೇ ಫಾಂಟಿನೊಳಗೆ ತೂಕ, ಅಂದರೆ ಗೆರೆಯ ದಪ್ಪ, 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ (ಸಾಧಾರಣ ಅಗಲ 100), ಬೇಕಾದ ಕಡೆ ನಿಲ್ಲಿಸಬಹುದು. 75ರಲ್ಲಿ ನಿಲ್ಲಿಸಿ 800ರ ತೂಕ ಕೊಟ್ಟು ದೊಡ್ಡದಾಗಿ ನೋಡಿ. ಬಾಗುಗಳ ಪಕ್ಕ ನೆಟ್ಟಗಾಗಿವೆ, ಆದರೆ ಸೊರಗಿಲ್ಲ. ಒತ್ತುಗಳು ತಮ್ಮದೇ ಅಳತೆಯಲ್ಲಿ ಚಿಕ್ಕದಾಗಿವೆ. ಅಗಲ ಬದಲಾದರೂ ಗೆರೆಯ ತೂಕ ಹಿಡಿತ ತಪ್ಪುವುದಿಲ್ಲ. ಹತ್ತು ಲಿಪಿಯನ್ನೂ ಒಂದೇ ಮನೆತನ ಅನ್ನುವ ಹಾಗೆ ಬರೆದದ್ದರಿಂದ ಪಕ್ಕದಲ್ಲಿ ಇಂಗ್ಲಿಷ್ ಇಟ್ಟಾಗ ಅದು ಕನ್ನಡದ ಮೇಲೆ ಜೋರು ಮಾಡುವುದಿಲ್ಲ. ಬೋರ್ಡಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನನಗೆ ಒಂದೇ ಅತೃಪ್ತಿ. 75 ಅನ್ನುವುದು ಮರ್ಯಾದಸ್ಥರ ಸಪೂರ. ಬಸ್ಸಿನ ಪಟ್ಟಿಗೆ, ಬ್ಯಾನರಿನ ಹೆಸರಿಗೆ ಇನ್ನೂ ಇಕ್ಕಟ್ಟಿನದು ಬೇಕು, 55ರದ್ದೋ 60ರದ್ದೋ. ಅದನ್ನು ಬರೆಯುವವರು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಒಂದು ವಾರ ಪೇಂಟರೊಬ್ಬರ ಪಕ್ಕ ಕೂತರೆ ಒಳ್ಳೆಯದು. ಇಂಥವರು ಇನ್ನೂ ಊರೂರಲ್ಲಿದ್ದಾರೆ, ಆದರೆ ಕೆಲಸ ಕಡಿಮೆಯಾಗಿದೆ. ಬಸ್ಸುಗಳಿಗೆ ಚುಕ್ಕಿ ದೀಪದ ಬೋರ್ಡು ಬಂದಿದೆ. ಅದರಲ್ಲಿ ಒತ್ತಕ್ಷರ ಪಡುವ ಪಾಡು ಹೇಳಲು ಇನ್ನೊಂದು ಬರಹವೇ ಬೇಕು.

ಅಲ್ಲಿಯವರೆಗೆ, ಬೋರ್ಡು, ತಲೆಬರಹಕ್ಕೆ ಅಂತ ಮಾಡಿದ ಹೊಸ ಕನ್ನಡ ಫಾಂಟು ಯಾರಾದರೂ ತಂದು ಕೊಟ್ಟರೆ ನಾನು ಅವರ ಜಾಹೀರಾತಿನ ಚಿತ್ರ ನೋಡುವುದಿಲ್ಲ. ಅದರಲ್ಲಿ ಯಾವಾಗಲೂ ‘ಕನ್ನಡ’, ‘ನಮಸ್ಕಾರ’ ಅಂತಲೇ ಬರೆದಿರುತ್ತಾರೆ, ಅವು ಯಾವ ಫಾಂಟಿನಲ್ಲೂ ಚೆನ್ನಾಗೇ ಕಾಣುತ್ತವೆ. ದಪ್ಪದ ತೂಕ ಇಟ್ಟು ನಾಲ್ಕು ಸಾಲು ಟೈಪ್ ಮಾಡುತ್ತೇನೆ. ಧನಲಕ್ಷ್ಮಿ ಜ್ಯುವೆಲರ್ಸ್. ಸ್ತ್ರೀಶಕ್ತಿ ಸ್ವಸಹಾಯ ಸಂಘ. ಮಠದ ಭಂಡಾರ. ಹೊಳೆನರಸೀಪುರ ಮಾರ್ಗ. ನಾಲ್ಕನ್ನೂ ಒಂದರ ಕೆಳಗೊಂದು ಇಟ್ಟು, ಸಾಲಿನ ನಡುವಿನ ಜಾಗ ಕಡಿಮೆ ಮಾಡುತ್ತಾ ಹೋಗುತ್ತೇನೆ. ಧ ಸೀಳು ಉಳಿಯಬೇಕು, ಠ ಚುಕ್ಕಿ ಕಾಣಬೇಕು, ಸ್ತ್ರೀಯ ಎರಡು ಒತ್ತು ಕೆಳಗಿನ ಸಾಲಿಗೆ ಬೀಳಬಾರದು, ಸೀ ದೀರ್ಘ ಪಕ್ಕದ ಪು ಮೇಲೆ ಹತ್ತಬಾರದು. ಅಷ್ಟು ದಾಟಿದರೆ ಆಮೇಲೆ ಬೆಲೆ ಕೇಳುತ್ತೇನೆ.